ಮೊಲಗಳ ಕಜ್ಜಿ ರೋಗ ಮತ್ತು ಅದರ ಹತೋಟಿ

ಮೊಲ ಸಾಕಣೆಗೆ ಹೆಚ್ಚು ಜಮೀನು ಬೇಕಿಲ್ಲ. ಮನೆಯ ಹಿತ್ತಲಿನಲ್ಲಿ ನಾಲ್ಕು ಕಂಬ ನೆಟ್ಟು, ಮೇಲೆ ಹುಲ್ಲು ಅಥವಾ ಹೆಂಚು ಹೊದಿಸಿ, ತಂತಿ ಬಲೆಯ ಗೂಡುಗಳನ್ನು ಇಟ್ಟರೆ ಹತ್ತು ಹೆಣ್ಣು ಮೊಲಗಳಿಗೆ ಸಾಕು. ಬಸಿರಿನ ಅವಧಿ 30ರಿಂದ 32 ದಿನಗಳು ಮಾತ್ರ. ಒಂದು ಸೂಲಿಗೆ ಸಾಮಾನ್ಯವಾಗಿ 6ರಿಂದ 8 ಮರಿಗಳು. ಹೊಲದ ಬದುವಿನ ಹುಲ್ಲು, ಕುದುರೆ ಮಸಾಲೆ, ಹಲಸಂದೆ ಬಳ್ಳಿ, ಅಡಿಗೆ ಮನೆಯ ಕ್ಯಾರೆಟ್ ಸೊಪ್ಪು ಇವೆಲ್ಲ ಮೇವಾಗುತ್ತವೆ. ಗೊಬ್ಬರವೂ ಒಳ್ಳೆಯದು. ಇಷ್ಟೆಲ್ಲ ಅನುಕೂಲವಿದ್ದರೂ ಉತ್ಸಾಹದಿಂದ ಆರಂಭಿಸಿದ ಎಷ್ಟೋ ಗೂಡುಗಳು ಎರಡನೆಯ ಮಳೆಗಾಲ ಕಳೆಯುವಷ್ಟರಲ್ಲಿ ಖಾಲಿಯಾಗುವುದುಂಟು. ಇದಕ್ಕೆ ಇರುವ ಕಾರಣಗಳಲ್ಲಿ ಕಜ್ಜಿ ರೋಗ ಮುಖ್ಯವಾದುದು.

ಕಜ್ಜಿ ಒಂದೇ ದಿನಕ್ಕೆ ಮೊಲವನ್ನು ಕೊಲ್ಲುವ ರೋಗವಲ್ಲ. ಆದ್ದರಿಂದಲೇ ಅದನ್ನು ಅಲಕ್ಷಿಸುತ್ತೇವೆ. ಇಂದು ಒಂದು ಮೊಲ ತಲೆ ಒದರುತ್ತದೆ, ಇನ್ನೊಂದು ವಾರಕ್ಕೆ ಪಕ್ಕದ ಗೂಡಿನದೂ ಒದರುತ್ತದೆ. ತಿಂಗಳು ಕಳೆಯುವಷ್ಟರಲ್ಲಿ ಅರ್ಧ ಮನೆಗೆ ಕಜ್ಜಿ ಹಬ್ಬಿರುತ್ತದೆ. ಮೊಲ ಮೇವು ಬಿಡುತ್ತದೆ, ತೂಕ ಇಳಿಯುತ್ತದೆ, ಹೆಣ್ಣು ಬೆದೆಗೆ ಬರುವುದಿಲ್ಲ, ಈದರೂ ಮರಿಗಳಿಗೆ ಸರಿಯಾಗಿ ಹಾಲೂಡುವುದಿಲ್ಲ. ಅಂಗೋರಾ ಮೊಲಗಳಲ್ಲಿ ಉಣ್ಣೆಯ ಇಳುವರಿ ಮತ್ತು ಗುಣ ಎರಡೂ ಕೆಡುತ್ತವೆ. ಹಣ್ಣಾದ ಕಜ್ಜಿಯಲ್ಲಿ ಮೊಲ ಸೊರಗಿ, ರಕ್ತಹೀನವಾಗಿ, ಕೊನೆಗೆ ಸಾಯುತ್ತದೆ. ಮನೆಯ ಮಕ್ಕಳ ಕೈಗೆ ತುರಿಕೆ ಹತ್ತಿದಾಗಲೇ ಎಷ್ಟೋ ಮಂದಿಗೆ ಇದರ ಅರಿವಾಗುವುದು. ಸಮಾಧಾನದ ವಿಷಯವೆಂದರೆ, ಸರಿಯಾಗಿ ಗುರುತಿಸಿ ಕ್ರಮವಾಗಿ ಔಷಧೋಪಚಾರ ಮಾಡಿದರೆ ಇದು ಪೂರ್ಣವಾಗಿ ವಾಸಿಯಾಗುವ ರೋಗ. ತಪ್ಪು ಔಷಧಿ ಹಾಕಿದರೆ ಮಾತ್ರ ರೋಗಕ್ಕಿಂತ ಔಷಧಿಯೇ ಬೇಗ ಕೊಲ್ಲುತ್ತದೆ. ಈ ಎರಡನ್ನೂ ನೀವು ತಿಳಿದಿರಬೇಕೆಂಬುದೇ ಈ ಲೇಖನದ ಉದ್ದೇಶ.

ರೋಗಕ್ಕೆ ಕಾರಣವೇನು?

ಕಜ್ಜಿಗೆ ಕೆಟ್ಟ ರಕ್ತವಾಗಲಿ, ಉಷ್ಣವಾಗಲಿ ಕಾರಣವಲ್ಲ. ಅತಿ ಸಣ್ಣ ನುಸಿಗಳು ಕಾರಣ. ಬದನೆ, ಬೆಂಡೆ ಎಲೆಗಳ ಅಡಿಯಲ್ಲಿ ಬಲೆ ಕಟ್ಟಿ ರಸ ಹೀರುವ ಕೆಂಪು ನುಸಿಯನ್ನು ನೀವು ಬಲ್ಲಿರಿ. ಮೊಲದ ನುಸಿಯೂ ಅದೇ ಗುಂಪಿಗೆ ಸೇರಿದ್ದು. ಇವು ಕೀಟಗಳಲ್ಲ, ಜೇಡ ಮತ್ತು ಉಣ್ಣೆಗಳ ಬಂಧುಗಳು. ಬೆಳೆದ ನುಸಿಗೆ ಎಂಟು ಕಾಲು, ಮೊಟ್ಟೆಯಿಂದ ಹೊರಬಂದ ಮರಿಗೆ ಆರು ಕಾಲು. ಮೊಲಗಳಲ್ಲಿ ಮುಖ್ಯವಾಗಿ ನಾಲ್ಕು ಬಗೆಯ ನುಸಿಗಳು ತೊಂದರೆ ಕೊಡುತ್ತವೆ. ಇವುಗಳ ನಡತೆ ಬೇರೆ ಬೇರೆಯಾದ್ದರಿಂದ ರೋಗದ ಚಿಹ್ನೆಗಳೂ ಬೇರೆ.

1. ಕಿವಿ ಕಜ್ಜಿ

ಇದು ಸೊರೋಪ್ಟಿಸ್ ಕ್ಯುನಿಕ್ಯುಲೈ ಎಂಬ ನುಸಿಯಿಂದ ಬರುತ್ತದೆ. ಈ ನುಸಿ ಚರ್ಮವನ್ನು ಕೊರೆದು ಒಳಗೆ ಹೋಗುವುದಿಲ್ಲ. ಕಿವಿಯ ಒಳಭಾಗದ ಚರ್ಮದ ಮೇಲೆಯೇ ಇದ್ದು, ಚುಚ್ಚಿ, ಒಸರುವ ರಸವನ್ನು ಹೀರುತ್ತದೆ. ಆ ರಸ ಒಣಗಿ ಕಂದು ಬಣ್ಣದ ಹಕ್ಕಳೆಯಾಗುತ್ತದೆ. ಹಕ್ಕಳೆಯ ಮೇಲೆ ಹಕ್ಕಳೆ ಕೂಡಿ, ಕಿವಿಯೊಳಗೆ ಪದರ ಪದರವಾಗಿ ಗಟ್ಟಿಯಾದ ಕಸ ತುಂಬಿದಂತೆ ಕಾಣುತ್ತದೆ. ಕೆಟ್ಟ ವಾಸನೆಯೂ ಬರಬಹುದು. ಮೊಲ ಆಗಾಗ ತಲೆ ಒದರುತ್ತದೆ, ಹಿಂಗಾಲಿನಿಂದ ಕಿವಿಯ ಬುಡವನ್ನು ಕೆರೆಯುತ್ತದೆ, ಒಂದು ಅಥವಾ ಎರಡೂ ಕಿವಿ ಜೋಲು ಬೀಳುತ್ತದೆ. ಉಪೇಕ್ಷಿಸಿದರೆ ಗಾಯಕ್ಕೆ ಬ್ಯಾಕ್ಟೀರಿಯಾ ಸೇರಿ ಕೀವಾಗಿ, ಸೋಂಕು ಕಿವಿಯ ಒಳಭಾಗಕ್ಕೆ ಇಳಿಯುತ್ತದೆ. ಆಗ ಮೊಲ ತಲೆಯನ್ನು ಒಂದು ಕಡೆಗೆ ವಾಲಿಸಿ ಸುತ್ತು ಹಾಕುತ್ತದೆ. ಆ ಹಂತ ಮುಟ್ಟಿದ ಮೊಲ ಮೊದಲಿನಂತಾಗುವುದು ಕಷ್ಟ.

2. ಮೈ ಕಜ್ಜಿ

ಸಾರ್ಕಾಪ್ಟಿಸ್ ಸ್ಕೇಬಿಯೈ ಮತ್ತು ನೋಟೊಯಿಡ್ರಿಸ್ ಕ್ಯಾಟೈ ಎಂಬ ಎರಡು ನುಸಿಗಳು ಇದಕ್ಕೆ ಕಾರಣ. ಇವು ಚರ್ಮದೊಳಗೆ ಸುರಂಗ ಕೊರೆದು ಅಲ್ಲಿಯೇ ಮೊಟ್ಟೆಯಿಡುತ್ತವೆ. ಆದ್ದರಿಂದ ತುರಿಕೆ ವಿಪರೀತ. ರೋಗ ಸಾಮಾನ್ಯವಾಗಿ ಮೂಗಿನ ತುದಿ, ತುಟಿ, ಗಲ್ಲ, ಕಣ್ಣಿನ ಸುತ್ತ ಮತ್ತು ಕಿವಿಯ ಅಂಚಿನಲ್ಲಿ ಆರಂಭವಾಗುತ್ತದೆ. ಕೂದಲು ಉದುರಿ, ಚರ್ಮ ದಪ್ಪನಾಗಿ, ಬೂದಿ ಮಿಶ್ರಿತ ಬಿಳಿ ಹಕ್ಕಳೆ ಕಟ್ಟುತ್ತದೆ. ಮೊಲ ಮುಂಗಾಲಿನಿಂದ ಮುಖವನ್ನು ಉಜ್ಜಿಕೊಳ್ಳುವುದರಿಂದ ರೋಗ ಕಾಲಿನ ಪಾದ, ಉಗುರಿನ ಬುಡಗಳಿಗೆ ಹರಡುತ್ತದೆ. ತುಟಿಯ ಸುತ್ತ ಹಕ್ಕಳೆ ಬಿಗಿದರೆ ಮೊಲಕ್ಕೆ ಮೇಯಲು ಆಗುವುದಿಲ್ಲ. ನಾಲ್ಕು ಬಗೆಗಳಲ್ಲಿ ಇದೇ ಹೆಚ್ಚು ಪ್ರಾಣಾಪಾಯಕಾರಿ. ನೋಟೊಯಿಡ್ರಿಸ್ ನುಸಿ ಬೆಕ್ಕುಗಳಲ್ಲಿಯೂ ಕಜ್ಜಿ ತರುತ್ತದೆ ಎಂಬುದನ್ನು ನೆನಪಿಡಿ. ಮೊಲದ ಮನೆಯಲ್ಲಿ ಬೆಕ್ಕು ಮಲಗಲು ಬಿಡಬಾರದು.

3. ಹೊಟ್ಟು ಕಜ್ಜಿ

ಕೈಲೆಟಿಯಲ್ಲಾ ಎಂಬ ನುಸಿಯಿಂದ ಬರುವ ಇದು ಮೇಲಿನವುಗಳಷ್ಟು ತೀವ್ರವಲ್ಲ. ಕತ್ತಿನ ಹಿಂಭಾಗ, ಹೆಗಲುಗಳ ನಡುವೆ ಮತ್ತು ಬೆನ್ನಿನ ಮೇಲೆ ತಲೆಹೊಟ್ಟಿನಂತಹ ಬಿಳಿ ಪುಡಿ ಕಾಣುತ್ತದೆ. ಕೂದಲು ತೆಳುವಾಗುತ್ತದೆ. ಆ ಹೊಟ್ಟನ್ನು ಗಮನವಿಟ್ಟು ನೋಡಿದರೆ ಅದು ತಾನೇ ಸರಿದಾಡುವಂತೆ ಕಾಣುತ್ತದೆ. ಹೊಟ್ಟಿನ ಪುಡಿಯನ್ನು ಹೊತ್ತು ನುಸಿಗಳೇ ಓಡಾಡುತ್ತಿರುತ್ತವೆ.

ನುಸಿಯ ಜೀವನ ಚಕ್ರ

ಇದನ್ನು ತಿಳಿಯದೆ ಔಷಧಿ ಕೊಟ್ಟರೆ ಹಣ ಮತ್ತು ಶ್ರಮ ಎರಡೂ ವ್ಯರ್ಥ. ಕಿವಿ ಕಜ್ಜಿ ಮತ್ತು ಮೈ ಕಜ್ಜಿಯ ನುಸಿಗಳು ಇಟ್ಟ ಮೊಟ್ಟೆ ಕೆಲವೇ ದಿನಗಳಲ್ಲಿ ಒಡೆದು ಮರಿಯಾಗುತ್ತದೆ. ಮರಿ ಪೊರೆ ಬಿಡುತ್ತಾ ಬೆಳೆದು ಮತ್ತೆ ಮೊಟ್ಟೆಯಿಡಲು ಒಟ್ಟು ಎರಡರಿಂದ ಮೂರು ವಾರ ಸಾಕು. ಹೊಟ್ಟು ಕಜ್ಜಿಯ ನುಸಿಗೆ ಸುಮಾರು ಐದು ವಾರ ಬೇಕು. ನಾವು ಕೊಡುವ ಔಷಧಿ ಓಡಾಡುವ ನುಸಿಗಳನ್ನು ಕೊಲ್ಲುತ್ತದೆಯೇ ಹೊರತು ಮೊಟ್ಟೆಗಳನ್ನು ನಾಶಮಾಡುವುದಿಲ್ಲ. ಮೊದಲ ಔಷಧಿಯ ನಂತರ ಮೊಲ ಚೇತರಿಸಿಕೊಂಡಂತೆ ಕಂಡರೂ ಉಳಿದ ಮೊಟ್ಟೆಗಳು ಒಡೆದು ಹೊಸ ಸಂತತಿ ಹುಟ್ಟುತ್ತದೆ. ಆ ಹೊಸ ನುಸಿಗಳು ಬೆಳೆದು ಮೊಟ್ಟೆಯಿಡುವ ಮೊದಲೇ ಎರಡನೆಯ ಔಷಧಿ ಬೀಳಬೇಕು. ಒಂದೇ ಬಾರಿ ಔಷಧಿ ಕೊಟ್ಟು "ಗುಣವಾಯಿತು" ಎಂದು ಕೈತೊಳೆದುಕೊಂಡವರ ಗೂಡಿನಲ್ಲಿ ರೋಗ ಮತ್ತೆ ಮತ್ತೆ ಕಾಣಿಸಿಕೊಳ್ಳಲು ಇದೇ ಕಾರಣ.

ಇನ್ನೊಂದು ವಿಷಯ. ನುಸಿ ಮೊಲದ ಮೈಮೇಲೆ ಮಾತ್ರ ಇರುವುದಿಲ್ಲ. ಉದುರಿದ ಹಕ್ಕಳೆಯೊಡನೆ ಗೂಡಿಗೂ ಬೀಳುತ್ತದೆ. ತಂಪು ಮತ್ತು ತೇವವಿದ್ದರೆ ಕಿವಿ ಕಜ್ಜಿಯ ನುಸಿ ಮೊಲವಿಲ್ಲದೆಯೂ ಸುಮಾರು ಮೂರು ವಾರದವರೆಗೆ ಬದುಕಿರಬಲ್ಲದು. ಆದುದರಿಂದ ಮಳೆಗಾಲ ಮತ್ತು ಚಳಿಗಾಲದಲ್ಲಿ, ಮಲೆನಾಡು, ಕೊಡಗಿನಂತಹ ತೇವದ ಪ್ರದೇಶಗಳಲ್ಲಿ ಹೆಚ್ಚು ಎಚ್ಚರಿಕೆ ಅಗತ್ಯ. ಮೊಲವನ್ನು ಗುಣಪಡಿಸಿ ಗೂಡನ್ನು ಹಾಗೆಯೇ ಬಿಟ್ಟರೆ ಮನೆಯೊಳಗಿನ ಕಳ್ಳನನ್ನು ಹಾಗೇ ಬಿಟ್ಟು ಬಾಗಿಲಿಗೆ ಬೀಗ ಹಾಕಿದಂತೆ.

ರೋಗ ಹರಡುವ ಬಗೆ

ರೋಗ ಬಂದ ಮೊಲ ಮತ್ತು ಆರೋಗ್ಯವಂತ ಮೊಲ ಒಂದಕ್ಕೊಂದು ತಾಗುವುದೇ ಮುಖ್ಯ ದಾರಿ. ತಾಯಿಯಿಂದ ಹಾಲು ಕುಡಿಯುವ ಮರಿಗಳಿಗೆ ಹತ್ತುತ್ತದೆ. ಗಂಡು ಮೊಲದ ವಿಷಯದಲ್ಲಂತೂ ವಿಶೇಷ ಎಚ್ಚರಿಕೆ ಬೇಕು. ಒಂದು ಗಂಡು ಹಲವು ಹೆಣ್ಣುಗಳೊಡನೆ ಕೂಡುವುದರಿಂದ ಅದರ ಒಂದು ಕಿವಿಯ ಕಜ್ಜಿ ಇಡೀ ಮನೆಗೆ ಹಂಚಿಕೆಯಾಗುತ್ತದೆ. ಇವಲ್ಲದೆ ಮರಿ ಪೆಟ್ಟಿಗೆ, ಹಾಸಿದ ಹುಲ್ಲು, ಬ್ರಷ್ಷು, ಉಣ್ಣೆ ಕತ್ತರಿಸುವ ಕತ್ತರಿ ಮತ್ತು ಮೊಲಗಳನ್ನು ಹಿಡಿಯುವ ನಮ್ಮ ಕೈ, ಬಟ್ಟೆಗಳ ಮೂಲಕವೂ ನುಸಿ ಸಾಗುತ್ತದೆ. ಇಕ್ಕಟ್ಟು, ಗಾಳಿಯಿಲ್ಲದ ಮನೆ, ಒದ್ದೆ ನೆಲ ಮತ್ತು ಅರೆಹೊಟ್ಟೆಯ ಮೇವು ರೋಗಕ್ಕೆ ನೀರೆರೆಯುತ್ತವೆ.

ಆದರೆ ಹೊಸ ಮನೆಗೆ ರೋಗ ಬರುವುದು ಬಹುಮಟ್ಟಿಗೆ ಕೊಂಡು ತಂದ ಮೊಲದಿಂದಲೇ. ಆದುದರಿಂದ ಕೊಳ್ಳುವಾಗ ಬಣ್ಣ, ಗಾತ್ರ ನೋಡುವುದಕ್ಕೆ ಮೊದಲು ಕಿವಿಯ ಒಳಗೆ ನೋಡಿ.

ಮನೆಯಲ್ಲಿಯೇ ಪರೀಕ್ಷಿಸುವ ಕ್ರಮ

ಮೊಲವನ್ನು ಕಿವಿ ಹಿಡಿದು ಎತ್ತಬಾರದು. ಹೆಗಲಿನ ಮೇಲಿನ ಸಡಿಲ ಚರ್ಮವನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಹಿಂಭಾಗಕ್ಕೆ ಆಸರೆ ಕೊಡಿ. ಒದೆದಾಡಿದರೆ ಬೆನ್ನೆಲುಬು ಮುರಿಯುವ ಅಪಾಯವಿದೆ. ಮೊಲವನ್ನು ಗೋಣಿಚೀಲ ಹಾಸಿದ ಮೇಜಿನ ಮೇಲೆ ಇರಿಸಿ, ಬೆಳಕಿಗೆ ಹಿಡಿದು ಈ ಕ್ರಮದಲ್ಲಿ ನೋಡಿ: ಎರಡೂ ಕಿವಿಗಳ ಆಳ, ಕಿವಿಯ ಅಂಚು, ಮೂಗು, ತುಟಿ, ಕಣ್ಣಿನ ಸುತ್ತ, ನಾಲ್ಕೂ ಪಾದಗಳ ಉಗುರಿನ ಬುಡ, ಕೊನೆಗೆ ಬೆನ್ನು.

ಕಿವಿ ಕಜ್ಜಿಯ ಸಂಶಯವಿದ್ದರೆ ಸಡಿಲವಾಗಿರುವ ಹಕ್ಕಳೆಯ ಒಂದು ಚೂರನ್ನು ಕಪ್ಪು ಕಾಗದದ ಮೇಲೆ ಇರಿಸಿ ಎಳೆ ಬಿಸಿಲಿಗೆ ಹಿಡಿಯಿರಿ. ಸ್ವಲ್ಪ ಹೊತ್ತಿಗೆ ಬಿಳಿಯ ಚುಕ್ಕೆಗಳು ಹರಿದಾಡುವುದು ಕಾಣುತ್ತದೆ. ಈ ನುಸಿ ಅರ್ಧ ಮಿಲಿಮೀಟರಿನ ಆಸುಪಾಸಿನಲ್ಲಿ ಇರುವುದರಿಂದ ತೀಕ್ಷ್ಣ ಕಣ್ಣಿಗೆ ಬರಿದೇ ಕಾಣುತ್ತದೆ, ಭೂತಗನ್ನಡಿಯಿದ್ದರೆ ಸ್ಪಷ್ಟ. ಹೊಟ್ಟು ಕಜ್ಜಿಗೂ ಇದೇ ಪರೀಕ್ಷೆ. ಬಾಚಣಿಗೆಯಿಂದ ಬೆನ್ನಿನ ಹೊಟ್ಟನ್ನು ಕಪ್ಪು ಕಾಗದದ ಮೇಲೆ ಉದುರಿಸಿ ನೋಡಬೇಕು.

ಮೈ ಕಜ್ಜಿಯ ನುಸಿ ಚರ್ಮದೊಳಗೆ ಇರುವುದರಿಂದ ಹೀಗೆ ಕಾಣುವುದಿಲ್ಲ. ರೋಗ ತಗುಲಿದ ಭಾಗದ ನಡುವಿನಿಂದಲ್ಲ, ಹೊಸದಾಗಿ ಹರಡುತ್ತಿರುವ ಅಂಚಿನಿಂದ ಮೊಂಡಾದ ಬ್ಲೇಡಿನಲ್ಲಿ ರಕ್ತ ಜಿನುಗುವವರೆಗೆ ಕೆರೆದು, ಆ ಪುಡಿಯನ್ನು ಬಿಗಿ ಮುಚ್ಚಳದ ಶೀಶೆಯಲ್ಲಿ ಹಾಕಿ ಪಶುವೈದ್ಯರಿಗೆ ತಲುಪಿಸಬೇಕು. ಕೆರೆಯುವ ಕೆಲಸವನ್ನು ವೈದ್ಯರೇ ಮಾಡಿದರೆ ಉತ್ತಮ. ಪ್ರಯೋಗಶಾಲೆಯಲ್ಲಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಿಂದ ಹಕ್ಕಳೆಯನ್ನು ಕರಗಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನುಸಿಯ ಜಾತಿ ತಿಳಿಯುತ್ತದೆ.

ಕೂದಲು ಉದುರಿದ್ದೆಲ್ಲ ಕಜ್ಜಿಯಲ್ಲ

ಬಸಿರು ಮೊಲ ಈಯುವ ಮುನ್ನ ಎದೆ, ಹೊಟ್ಟೆಯ ತುಪ್ಪಳವನ್ನು ತಾನೇ ಕಿತ್ತು ಮರಿಗಳಿಗೆ ಹಾಸಿಗೆ ಮಾಡುತ್ತದೆ. ಅದು ರೋಗವಲ್ಲ. ವರ್ಷದ ಕೆಲವು ಕಾಲದಲ್ಲಿ ಹಳೆಯ ಕೂದಲು ಉದುರಿ ಹೊಸದು ಬರುವುದೂ ಸಹಜ. ಅಲ್ಲಿ ಚರ್ಮ ನುಣುಪಾಗಿರುತ್ತದೆ, ಹಕ್ಕಳೆ ಇರುವುದಿಲ್ಲ. ಒರಟು ತಂತಿಯ ಮೇಲೆ ಕುಳಿತು ಹಿಂಗಾಲಿನ ಅಂಗಾಲಿಗೆ ಹುಣ್ಣಾಗಿದ್ದರೆ ಅದಕ್ಕೆ ಹಲಗೆಯ ತುಂಡೊಂದನ್ನು ಇರಿಸುವುದೇ ಮದ್ದು.

ಇವೆಲ್ಲಕ್ಕಿಂತ ಮುಖ್ಯವಾಗಿ, ಹುಳುಕಡ್ಡಿಯನ್ನು ಕಜ್ಜಿಯೆಂದು ತಿಳಿಯುವುದುಂಟು. ಇದು ಬೂಸ್ಟಿನಿಂದ ಬರುವ ರೋಗ. ಮುಖ, ಕಿವಿ, ಪಾದಗಳ ಮೇಲೆ ಬಹುಮಟ್ಟಿಗೆ ದುಂಡಗೆ ಕೂದಲು ಉದುರಿ ಅಂಚು ಉಬ್ಬಿರುತ್ತದೆ. ನುಸಿಯ ಔಷಧಿ ಇದಕ್ಕೆ ನಾಟುವುದಿಲ್ಲ. ಎರಡು ಬಾರಿ ಸರಿಯಾಗಿ ಔಷಧಿ ಕೊಟ್ಟರೂ ಗುಣ ಕಾಣದಿದ್ದರೆ ಪ್ರಮಾಣ ಏರಿಸುತ್ತಾ ಹೋಗದೆ ಚರ್ಮದ ಪರೀಕ್ಷೆ ಮಾಡಿಸಿ.

ಚಿಕಿತ್ಸೆ

ಹಿಂದಿನ ಕಾಲದಲ್ಲಿ ಗಂಧಕದ ಮುಲಾಮು, ಬೆಂಜೈಲ್ ಬೆಂಜೋಯೇಟ್ ಇವೇ ಆಧಾರವಾಗಿದ್ದವು. ಹಚ್ಚಿದ್ದನ್ನು ಮೊಲ ನೆಕ್ಕುವುದರಿಂದ ಫಲ ಅರ್ಧವಾಗುತ್ತಿತ್ತು. 1981ರಲ್ಲಿ ಐವರ್ಮೆಕ್ಟಿನ್ ಎಂಬ ಔಷಧಿ ಪಶುಗಳ ಬಳಕೆಗೆ ಬಂದ ಮೇಲೆ ಕಜ್ಜಿಯ ಚಿಕಿತ್ಸೆ ಸುಲಭವಾಯಿತು. ಜಪಾನಿನ ವಿಜ್ಞಾನಿ ಸತೋಷಿ ಓಮುರಾ ಅಲ್ಲಿನ ಮಣ್ಣಿನಿಂದ ಬೇರ್ಪಡಿಸಿದ ಸೂಕ್ಷ್ಮಜೀವಿಯೊಂದು ಇದರ ಮೂಲ. ಅವರಿಗೂ, ಈ ಔಷಧಿಯನ್ನು ರೂಪಿಸಿದ ವಿಲಿಯಂ ಕ್ಯಾಂಪ್‌ಬೆಲ್ ಅವರಿಗೂ 2015ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಇದು ಚರ್ಮದ ಅಡಿಗೆ ಕೊಡುವ ಚುಚ್ಚುಮದ್ದು. ರಕ್ತದ ಮೂಲಕ ಹೋಗಿ ಕಿವಿಯ ಆಳದ ನುಸಿಯನ್ನೂ ಚರ್ಮದೊಳಗಿನ ನುಸಿಯನ್ನೂ ಮುಟ್ಟುತ್ತದೆ.

ಆದರೆ ಪ್ರಮಾಣದ ವಿಷಯದಲ್ಲಿ ಬಹಳ ಜಾಗರೂಕತೆ ಬೇಕು. ಅಂಗಡಿಯಲ್ಲಿ ಸಿಗುವ ಶೇಕಡ 1ರ ಔಷಧಿ ದನ, ಎಮ್ಮೆಗಳಿಗೆಂದು ತಯಾರಾದುದು. ಅದರ ಒಂದು ಮಿಲಿಲೀಟರಿನಲ್ಲಿ 10 ಮಿಲಿಗ್ರಾಂ ಔಷಧಿ ಇದೆ. ಮೊಲಕ್ಕೆ ಬೇಕಾದುದು ದೇಹತೂಕದ ಪ್ರತಿ ಕಿಲೋಗೆ 0.2 ಮಿಲಿಗ್ರಾಂ. ರೋಗ ತೀವ್ರವಿದ್ದರೆ ವೈದ್ಯರು 0.4 ಮಿಲಿಗ್ರಾಂವರೆಗೆ ಏರಿಸುವುದುಂಟು. ಲೆಕ್ಕ ಹೀಗಿದೆ:

ಮೊಲದ ತೂಕ 3 ಕಿಲೋ.
ಬೇಕಾದ ಔಷಧಿ 3 × 0.2 = 0.6 ಮಿಲಿಗ್ರಾಂ.
ಅಂದರೆ ಚುಚ್ಚುಮದ್ದು 0.06 ಮಿಲಿಲೀಟರ್ ಮಾತ್ರ.

ಇದು ಒಂದೆರಡು ಹನಿಯಷ್ಟು. ಆಡಿಗೆ ಕೊಟ್ಟ ಅಂದಾಜಿನಲ್ಲಿ ಈ ಮೊಲಕ್ಕೆ ಒಂದು ಮಿಲಿಲೀಟರ್ ಚುಚ್ಚಿದರೆ ಬೇಕಾದುದಕ್ಕಿಂತ 16 ಪಟ್ಟಿಗೂ ಹೆಚ್ಚು ಔಷಧಿ ಬಿದ್ದಂತಾಯಿತು. ಸಾಮಾನ್ಯ ಸಿರಿಂಜಿನಲ್ಲಿ 0.06 ಮಿಲಿಲೀಟರ್ ಅಳೆಯಲು ಬರುವುದಿಲ್ಲ. ಒಂದು ಮಿಲಿಲೀಟರಿಗೆ 100 ಯೂನಿಟ್ ಎಂದು ಬರೆದಿರುವ ಇನ್ಸುಲಿನ್ ಸಿರಿಂಜು ಇದಕ್ಕೆ ಅನುಕೂಲ. ಅದರಲ್ಲಿ ಪ್ರತಿ ಕಿಲೋ ತೂಕಕ್ಕೆ 2 ಯೂನಿಟ್ ಎಂದು ನೆನಪಿಟ್ಟರೆ ಸಾಕು: ಎರಡು ಕಿಲೋ ಮೊಲಕ್ಕೆ 4, ಮೂರು ಕಿಲೋಗೆ 6. ನಮ್ಮಲ್ಲಿ 40 ಯೂನಿಟ್ಟಿನ ಸಿರಿಂಜುಗಳೂ ಮಾರಾಟಕ್ಕಿವೆ. ಅವುಗಳಲ್ಲಿ ಈ ಲೆಕ್ಕ ಹಿಡಿದರೆ ಔಷಧಿ ಎರಡೂವರೆ ಪಟ್ಟಾಗುತ್ತದೆ. ಸಿರಿಂಜಿನ ಮೇಲಿನ ಅಕ್ಷರ ಓದದೆ ಔಷಧಿ ಎಳೆಯಬಾರದು. ಔಷಧಿಗೆ ನೀರು ಬೆರೆಸಿ ತೆಳುಮಾಡಬಾರದು, ಇದು ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಮೊಲವನ್ನು ಕಣ್ಣಂದಾಜಿನಲ್ಲಿ ಅಳೆಯದೆ ತಕ್ಕಡಿಯಲ್ಲಿ ತೂಗಿ. ಮೊದಲ ಸುತ್ತನ್ನು ಪಶುವೈದ್ಯರ ಎದುರಿನಲ್ಲಿ ಮಾಡಿ ಕಲಿತುಕೊಳ್ಳಿ. ಬಸಿರು ಮೊಲ, ಹಾಲೂಡುವ ಮೊಲ ಮತ್ತು ಎಳೆಯ ಮರಿಗಳ ವಿಷಯದಲ್ಲಿ ವೈದ್ಯರನ್ನು ಕೇಳದೆ ಸೂಜಿ ಮುಟ್ಟಬಾರದು.

ಖರ್ಚಿನ ಭಯ ಬೇಡ. 10 ಹೆಣ್ಣು, 2 ಗಂಡು ಇರುವ ಮನೆಯಲ್ಲಿ ತಲಾ 3 ಕಿಲೋ ಎಂದರೂ ಒಟ್ಟು ತೂಕ 36 ಕಿಲೋ. ಒಂದು ಸುತ್ತಿಗೆ 0.72 ಮಿಲಿಲೀಟರ್, ಮೂರು ಸುತ್ತಿಗೆ ಸುಮಾರು 2.2 ಮಿಲಿಲೀಟರ್. ಒಂದು ಸೂಲಿನ ಮರಿಗಳನ್ನು ಕಳೆದುಕೊಳ್ಳುವ ನಷ್ಟದ ಮುಂದೆ ಇದು ಏನೂ ಅಲ್ಲ.

ಔಷಧೋಪಚಾರದ ವೇಳಾಪಟ್ಟಿ

ಮೊದಲನೆಯ ದಿನ: ರೋಗ ಕಂಡ ಮೊಲಗಳನ್ನು ಬೇರೆ ಮಾಡಿ, ವೈದ್ಯರ ಸಲಹೆಯಂತೆ ಚುಚ್ಚುಮದ್ದು ಕೊಡಿಸಿ. ರೋಗ ಕಾಣದಿದ್ದರೂ ಅದೇ ಮನೆಯಲ್ಲಿದ್ದ ಉಳಿದ ದೊಡ್ಡ ಮೊಲಗಳಿಗೂ ಅದೇ ದಿನ ಕೊಡುವುದು ಉತ್ತಮ. ಅಂದೇ ಗೂಡು ಶುಚಿಮಾಡಿ.

14ನೆಯ ದಿನ: ಎರಡನೆಯ ಚುಚ್ಚುಮದ್ದು. ಎರಡನೆಯ ಬಾರಿ ಗೂಡಿನ ಶುಚಿ.

28ನೆಯ ದಿನ: ಮತ್ತೊಮ್ಮೆ ಪರೀಕ್ಷೆ. ಹಕ್ಕಳೆ ಉಳಿದಿದ್ದರೆ ಅಥವಾ ಮೊದಲು ರೋಗ ತೀವ್ರವಿದ್ದರೆ ಮೂರನೆಯ ಚುಚ್ಚುಮದ್ದು. ಹೊಟ್ಟು ಕಜ್ಜಿಯ ನುಸಿ ನಿಧಾನವಾಗಿ ಬೆಳೆಯುವುದರಿಂದ ಅದಕ್ಕೆ ಮೂರನೆಯದು ಬೇಕೇ ಬೇಕು.

42ನೆಯ ದಿನ: ಎಲ್ಲ ಮೊಲಗಳ ಕಿವಿ, ಮೂಗು, ಪಾದ ಶುಭ್ರವಾಗಿದ್ದರೆ ಮಾತ್ರ ಗಂಡು ಹೆಣ್ಣುಗಳನ್ನು ಕೂಡಿಸಲು ಆರಂಭಿಸಿ.

ದಿನಾಂಕಗಳನ್ನು ಗೂಡಿನ ಬಾಗಿಲಿಗೆ ಕಟ್ಟಿದ ಚೀಟಿಯಲ್ಲಿ ಬರೆಯಿರಿ. ನೆನಪನ್ನು ನಂಬಿದರೆ ಎರಡನೆಯ ಸುತ್ತು ತಪ್ಪುತ್ತದೆ. ಔಷಧಿ ಕೊಟ್ಟ ಮೊಲವನ್ನು ಮಾಂಸಕ್ಕಾಗಿ ಕೂಡಲೇ ಉಪಯೋಗಿಸಬಾರದು. ಕೊನೆಯ ಚುಚ್ಚುಮದ್ದಿನಿಂದ ಕನಿಷ್ಠ ಐದು ವಾರ ಕಾದು, ವೈದ್ಯರು ಇನ್ನೂ ಹೆಚ್ಚು ಹೇಳಿದರೆ ಅದರಂತೆ ನಡೆಯಿರಿ.

ಕಿವಿಯ ಹಕ್ಕಳೆಯನ್ನು ಏನು ಮಾಡಬೇಕು?

ಬಲವಂತವಾಗಿ ಕೀಳಬೇಡಿ. ಅಡಿಯಲ್ಲಿ ಹಸಿ ಗಾಯವಿರುತ್ತದೆ. ಕಿತ್ತರೆ ರಕ್ತ ಸುರಿದು, ನೋವಿಗೆ ಮೊಲ ಮೇವು ಬಿಟ್ಟೀತು. ಚುಚ್ಚುಮದ್ದು ಕೆಲಸ ಮಾಡಿದರೆ ಒಂದೆರಡು ವಾರದಲ್ಲಿ ಹಕ್ಕಳೆ ತಾನೇ ಕಳಚಿ ಬೀಳುತ್ತದೆ. ಅದನ್ನು ಮೆದುವಾಗಿಸಲು ಶುದ್ಧವಾದ ಕೊಬ್ಬರಿ ಎಣ್ಣೆ ಅಥವಾ ಹೊಂಗೆ ಎಣ್ಣೆಯ ಕೆಲವು ಹನಿಗಳನ್ನು ಕಿವಿಗೆ ಬಿಟ್ಟು, ಕಿವಿಯ ಬುಡವನ್ನು ಮೆಲ್ಲಗೆ ತೀಡಬಹುದು. ಎಣ್ಣೆ ಮೇಲ್ಮೈಯ ನುಸಿಗಳಿಗೆ ಉಸಿರು ಕಟ್ಟಿಸುತ್ತದೆ. ರೋಗ ಆಗ ತಾನೇ ಆರಂಭವಾಗಿರುವ ಕಿವಿಗೆ ಇದು ಒಳ್ಳೆಯ ಉಪಚಾರ. ಆದರೆ ಮೈ ಕಜ್ಜಿಗೆ ಎಣ್ಣೆಯೊಂದನ್ನೇ ನಂಬಬಾರದು, ಸುರಂಗದೊಳಗಿನ ನುಸಿಯನ್ನು ಅದು ಮುಟ್ಟುವುದಿಲ್ಲ. ಕಳಚಿ ಬಿದ್ದ ಹಕ್ಕಳೆಗಳನ್ನು ಗುಡಿಸಿ ಸುಡಬೇಕು. ತಿಪ್ಪೆಗೆ ಎಸೆಯಬಾರದು.

ಇವುಗಳನ್ನು ಎಂದಿಗೂ ಮಾಡಬೇಡಿ

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿದಂತೆ, ತುರಿಕೆ ಕಂಡೊಡನೆ ಕೈಗೆ ಸಿಕ್ಕಿದ್ದನ್ನು ಹಚ್ಚುವ ಅಭ್ಯಾಸ ನಮ್ಮಲ್ಲಿದೆ. ಮೊಲದ ದೇಹ ಬಹು ಸೂಕ್ಷ್ಮ. ಅದು ತನ್ನ ಮೈಯನ್ನು ದಿನವಿಡೀ ನೆಕ್ಕುವುದರಿಂದ ಮೈಗೆ ಹಚ್ಚಿದ್ದೆಲ್ಲ ಹೊಟ್ಟೆ ಸೇರುತ್ತದೆ.

1. ನಾಯಿಗಳ ಉಣ್ಣೆ, ಚಿಗಟಗಳಿಗೆಂದು ಮಾರುವ ಫಿಪ್ರೋನಿಲ್ ಇರುವ ಸ್ಪ್ರೇ ಅಥವಾ ಹನಿ ಔಷಧಿಯನ್ನು ಮೊಲಕ್ಕೆ ಹಾಕಲೇಬಾರದು. ಇದರಿಂದ ಮೊಲಗಳು ನಡುಗಿ, ಸೆಳೆತ ಬಂದು ಸಾಯುತ್ತವೆ. ಭತ್ತಕ್ಕೆ ಬಳಸುವ ಕೀಟನಾಶಕಗಳಲ್ಲಿಯೂ ಇದೇ ವಿಷ ಇದೆ ಎಂಬುದು ನಿಮಗೆ ತಿಳಿದಿರಲಿ.

2. ಬೆಳೆಗೆ ಹೊಡೆಯುವ ಯಾವುದೇ ನುಸಿನಾಶಕ, ಕೀಟನಾಶಕ ಬೇಡ. ಗಿಡದ ನುಸಿಗೂ ಮೊಲದ ನುಸಿಗೂ ಬಂಧುತ್ವ ಇದ್ದರೂ ಗಿಡಕ್ಕೂ ಮೊಲಕ್ಕೂ ಇಲ್ಲ.

3. ಸೀಮೆಎಣ್ಣೆ, ಸುಟ್ಟ ಎಂಜಿನ್ ಎಣ್ಣೆ, ಫಿನಾಯಿಲ್ ಹಚ್ಚಬೇಡಿ. ಚರ್ಮ ಸುಡುತ್ತದೆ, ನೆಕ್ಕಿದರೆ ವಿಷವಾಗುತ್ತದೆ.

4. ಮೊಲವನ್ನು ಔಷಧಿ ನೀರಿನ ತೊಟ್ಟಿಯಲ್ಲಿ ಕುರಿಯಂತೆ ಅದ್ದಬೇಡಿ. ಒದ್ದೆಯಾದ ಮೊಲ ಚಳಿಗೆ ಮತ್ತು ಗಾಬರಿಗೇ ಸಾಯಬಹುದು.

5. ಗಾಯ ಕೀವಾಗಿದೆಯೆಂದು ಮನೆಯಲ್ಲಿ ಉಳಿದಿರುವ ಪೆನಿಸಿಲಿನ್, ಆಂಪಿಸಿಲಿನ್, ಅಮಾಕ್ಸಿಸಿಲಿನ್ ಮಾತ್ರೆ, ಕ್ಯಾಪ್ಸೂಲುಗಳನ್ನು ಬಾಯಿಯ ಮೂಲಕ ಕೊಡಬೇಡಿ. ಇವು ಮೊಲದ ಕರುಳಿನಲ್ಲಿ ಮೇವನ್ನು ಅರಗಿಸುವ ಒಳ್ಳೆಯ ಸೂಕ್ಷ್ಮಜೀವಿಗಳನ್ನು ಕೊಂದು, ಮಾರಕವಾದ ಭೇದಿ ತರುತ್ತವೆ. ಕೀವಿಗೆ ತಕ್ಕ ಔಷಧಿಯನ್ನು ವೈದ್ಯರೇ ಆರಿಸಬೇಕು.

ಗೂಡಿನ ಶುಚಿ

ಮೊಲಗಳನ್ನು ಹೊರತೆಗೆದು ಹಾಸಿದ ಹುಲ್ಲು, ಕೂದಲು, ಕಸವನ್ನೆಲ್ಲ ಸುಡಿ. ಕಬ್ಬಿಣದ ಬಲೆಯ ಗೂಡುಗಳಿಗೆ ಅಂಟಿದ ಕೂದಲನ್ನು ಬ್ಲೋ ಲ್ಯಾಂಪಿನ ಜ್ವಾಲೆಯಿಂದ ಸುಡುವುದು ಎಲ್ಲಕ್ಕಿಂತ ಖಂಡಿತವಾದ ವಿಧಾನ. ಮೇಲೆ ಹುಲ್ಲಿನ ಛಾವಣಿಯಿದ್ದರೆ ಗೂಡನ್ನು ಬಯಲಿಗೆ ತಂದು ಸುಡಿ. ಮೂಲೆ, ಕೀಲುಗಳನ್ನು ಬಿಡಬೇಡಿ. ಬ್ಲೋ ಲ್ಯಾಂಪ್ ಇಲ್ಲದಿದ್ದರೆ ವಾಷಿಂಗ್ ಸೋಡ ಬೆರೆಸಿದ ಕುದಿಯುವ ನೀರಿನಿಂದ ತಿಕ್ಕಿ ತೊಳೆದು, ಕಡು ಬಿಸಿಲಿನಲ್ಲಿ ಒಣಗಿಸಿ. ಮರದ ಮರಿ ಪೆಟ್ಟಿಗೆಗಳ ಬಿರುಕಿನಲ್ಲಿ ನುಸಿ ಅಡಗುವುದರಿಂದ ತೊಳೆದು ಬಿಸಿಲಿಗಿಟ್ಟು, ಒಂದು ತಿಂಗಳು ಉಪಯೋಗಿಸದೆ ಬಿಡಬೇಕು. ಹೆಚ್ಚಿಗೆ ಒಂದು ಜೊತೆ ಪೆಟ್ಟಿಗೆ ಇಟ್ಟುಕೊಂಡವರಿಗೆ ಇದು ಕಷ್ಟವಲ್ಲ. ಗೂಡು ಪೂರ್ತಿ ಒಣಗಿದ ಮೇಲೆಯೇ ಮೊಲಗಳನ್ನು ಬಿಡಿ.

ಮನೆಮಂದಿಯ ಆರೋಗ್ಯ

ಸಾರ್ಕಾಪ್ಟಿಸ್ ಮತ್ತು ಕೈಲೆಟಿಯಲ್ಲಾ ನುಸಿಗಳು ಮೊಲ ಹಿಡಿದವರ ಮುಂಗೈ, ಎದೆ, ಹೊಟ್ಟೆಯ ಮೇಲೆ ಕೆಂಪು ಗುಳ್ಳೆ ಮತ್ತು ತುರಿಕೆಯನ್ನು ತರುತ್ತವೆ. ಮಕ್ಕಳು ಮೊಲವನ್ನು ಎದೆಗಪ್ಪಿ ಆಡುವುದರಿಂದ ಅವರಿಗೆ ಬೇಗ ಹತ್ತುತ್ತದೆ. ಈ ನುಸಿಗಳು ಮನುಷ್ಯನ ಮೈಮೇಲೆ ಸಂತತಿ ಬೆಳೆಸಿ ಬಹುಕಾಲ ನಿಲ್ಲುವುದಿಲ್ಲ. ಮೊಲ ಗುಣವಾದರೆ ಸಾಮಾನ್ಯವಾಗಿ ತುರಿಕೆಯೂ ಇಳಿಯುತ್ತದೆ. ಇಳಿಯದಿದ್ದರೆ ವೈದ್ಯರನ್ನು ಕಾಣಿರಿ ಮತ್ತು ಮನೆಯಲ್ಲಿ ಮೊಲಗಳಿವೆ ಎಂದು ಅವರಿಗೆ ತಪ್ಪದೆ ತಿಳಿಸಿ. ರೋಗದ ಮೊಲವನ್ನು ಮುಟ್ಟುವಾಗ ಕೈಗೆ ಪ್ಲಾಸ್ಟಿಕ್ ಚೀಲವನ್ನಾದರೂ ಕಟ್ಟಿಕೊಳ್ಳಿ. ಕೆಲಸ ಮುಗಿದ ಮೇಲೆ ಸೋಪಿನಿಂದ ಕೈತೊಳೆದು ಬಟ್ಟೆ ಬದಲಿಸಿ. ರೋಗ ವಾಸಿಯಾಗುವವರೆಗೆ ಮಕ್ಕಳನ್ನು ಗೂಡಿನಿಂದ ದೂರವಿಡಿ.

ರೋಗ ಬಾರದಂತೆ ತಡೆಯುವುದು

ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದಕ್ಕಿಂತ ಮೊದಲೇ ಎಚ್ಚರ ವಹಿಸುವುದು ಲೇಸು.

1. ಹೊಸದಾಗಿ ತಂದ ಮೊಲವನ್ನು 30 ದಿನ ಬೇರೆ ಗೂಡಿನಲ್ಲಿ, ಸಾಧ್ಯವಾದರೆ ಬೇರೆ ಸೂರಿನಡಿ ಇರಿಸಿ. ಅದು ಎಷ್ಟೇ ಒಳ್ಳೆಯ ಫಾರಂನಿಂದ ಬಂದಿರಲಿ, ನ್ಯೂಜಿಲೆಂಡ್ ವೈಟ್ ಇರಲಿ, ಸೋವಿಯತ್ ಚಿಂಚಿಲ್ಲಾ ಇರಲಿ, ಈ ನಿಯಮಕ್ಕೆ ವಿನಾಯಿತಿ ಬೇಡ.

2. ವಾರಕ್ಕೊಂದು ದಿನ ಗೊತ್ತುಮಾಡಿಕೊಂಡು ಎಲ್ಲ ಮೊಲಗಳ ಕಿವಿ, ಮೂಗು, ಪಾದ ನೋಡಿ. ಒಂದು ಮೊಲಕ್ಕೆ ಒಂದು ನಿಮಿಷ ಸಾಕು.

3. ಪ್ರತಿ ಸಲ ಕೂಡಿಸುವ ಮೊದಲು ಗಂಡು, ಹೆಣ್ಣು ಎರಡರ ಕಿವಿಯನ್ನೂ ನೋಡಿ. ಸಂಶಯ ಬಂದರೆ ಕೂಡಿಸಬೇಡಿ. ಹೆಣ್ಣು ಮೊಲ ಕಜ್ಜಿಯಿಂದ ಮುಕ್ತವಾಗಿದ್ದರೆ ಮರಿಗಳೂ ಮುಕ್ತ.

4. ಮೇವು ಹಾಕುವುದು, ಗುಡಿಸುವುದು ಎಲ್ಲವನ್ನೂ ಆರೋಗ್ಯವಂತ ಮೊಲಗಳಿಂದ ಆರಂಭಿಸಿ ರೋಗದ ಮೊಲಗಳಲ್ಲಿ ಮುಗಿಸಿ.

5. ಗೂಡಿನ ಕೆಳಗೆ ಮೂತ್ರ ನಿಲ್ಲದಂತೆ ಇಳಿಜಾರು ಮಾಡಿ. ಎರಚಲು ಮಳೆಗೆ ಗೋಣಿಯ ಪರದೆ ಇರಲಿ, ಆದರೆ ಗಾಳಿ ಕಟ್ಟಬಾರದು.

6. ಹೊಲದಲ್ಲಿ ಸಿಕ್ಕ ಕಾಡುಮೊಲದ ಮರಿಗಳನ್ನು ತಂದು ಸಾಕಬೇಡಿ. ಅವು ಬೇರೆಯೇ ಜಾತಿ. ಅವುಗಳನ್ನು ಹಿಡಿಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ.

7. ರೋಗವಿಲ್ಲದಿದ್ದರೂ ತಿಂಗಳು ತಿಂಗಳೂ ಚುಚ್ಚುಮದ್ದು ಕೊಡುವ ಚಾಳಿ ಬೇಡ. ಔಷಧಿ ಪದೇ ಪದೇ, ಅದರಲ್ಲೂ ಕಡಿಮೆ ಪ್ರಮಾಣದಲ್ಲಿ ಬಿದ್ದರೆ ಕ್ರಮೇಣ ನುಸಿಗಳು ಅದಕ್ಕೆ ಬಗ್ಗದಂತಾಗುವ ಅಪಾಯವಿದೆ.

ಯಾವಾಗ ಕೈಬಿಡಬೇಕು?

ತಲೆ ಪೂರ್ತಿ ವಾಲಿ ಮೇಯಲಾರದ ಮೊಲ, ಎಲುಬು ಕಾಣುವಷ್ಟು ಸೊರಗಿ ಮೈತುಂಬ ಹಕ್ಕಳೆ ಕಟ್ಟಿದ ಮೊಲ, ಮೂರು ಸುತ್ತು ಔಷಧಿಯ ನಂತರವೂ ಗುಣವಾಗದ ಮೊಲ ಇವುಗಳನ್ನು ಉಳಿಸಿಕೊಳ್ಳುವುದರಿಂದ ಅವುಗಳಿಗೂ ಹಿಂಸೆ, ಉಳಿದವಕ್ಕೂ ಅಪಾಯ. ವೈದ್ಯರ ಸಲಹೆ ಪಡೆದು, ನೋವಾಗದಂತೆ ಕೊನೆಗಾಣಿಸಿ, ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು. ತಲೆ ವಾಲುವುದಕ್ಕೆ ಕಜ್ಜಿಯಲ್ಲದೆ ಪಾಶ್ಚುರೆಲ್ಲಾದಂತಹ ಬೇರೆ ಸೋಂಕುಗಳೂ ಕಾರಣವಾಗುವುದರಿಂದ ಮೊದಲು ಪರೀಕ್ಷೆ ಮಾಡಿಸಿ.

ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಕಜ್ಜಿ ಹತ್ತಿದ ಮೊಲವನ್ನು "ಹೇಗಾದರೂ ಸರಿ, ಹೋದಷ್ಟಕ್ಕೆ ಹೋಗಲಿ" ಎಂದು ಸಂತೆಯಲ್ಲಿ ಮಾರಿಬಿಡುವ ಆಸೆ ಯಾರಿಗಾದರೂ ಬರುವುದು ಸಹಜ. ಆದರೆ ಕೊಂಡವನು ನಿಮ್ಮಂತೆಯೇ ಸಾಲ ಮಾಡಿ ಹೊಸದಾಗಿ ಗೂಡು ಕಟ್ಟಿದ ರೈತನಾಗಿರಬಹುದು. ಒಂದು ಮೊಲದಿಂದ ಅವನ ಗೂಡೆಲ್ಲ ಖಾಲಿಯಾಗುತ್ತದೆ. ಸುತ್ತಲಿನ ಹತ್ತಾರು ಊರಿಗೆ ಮೊಲವೆಂದರೆ ಕಜ್ಜಿ ಎಂಬ ಹೆಸರು ಬಂದ ಮೇಲೆ ನಿಮ್ಮ ಆರೋಗ್ಯವಂತ ಮರಿಗಳನ್ನು ಕೇಳುವವರೂ ಇರುವುದಿಲ್ಲ. ಆ ಹಣದಿಂದ ಬರುವ ಲಾಭ ಒಂದು ದಿನದ್ದು, ನಷ್ಟ ಹಲವು ವರ್ಷದ್ದು.

ಗೂಡಿನಲ್ಲಿ ಒಂದು ಮೊಲ ತಲೆ ಒದರುವುದು ಕಂಡ ದಿನವೇ ಕಿವಿ ನೋಡಿ. ಹತ್ತಿರದ ಪಶುವೈದ್ಯ ಸಂಸ್ಥೆಗೆ ಹೋಗಿ, ಅಥವಾ 1962ಕ್ಕೆ ಉಚಿತ ಕರೆ ಮಾಡಿ ಸಂಚಾರಿ ಪಶುವೈದ್ಯರ ನೆರವು ಕೇಳಿ. ಅಂದು ಕಿವಿಯ ತಳದಲ್ಲಿ ಉಗುರಿನಷ್ಟು ಹಕ್ಕಳೆ ಇದ್ದರೆ ಎರಡು ಸುತ್ತಿನ ಔಷಧಿ ಮತ್ತು ಒಂದು ಮಧ್ಯಾಹ್ನದ ಬಿಸಿಲಿನಲ್ಲಿ ಕೆಲಸ ಮುಗಿಯುತ್ತದೆ. ತಿಂಗಳು ತಡಮಾಡಿದರೆ ಇಡೀ ಮನೆಗೆ ಮೂರು ಸುತ್ತು ಬೇಕು, ಅಷ್ಟರಲ್ಲಿ ಒಂದು ಸೂಲಿನ ಮರಿಗಳೂ ಹೋಗಿರುತ್ತವೆ.